ನಾಲ್ಕು ಕಾಟಾಗಳ ಮೇಲೆ ಒಂದು ಕಾರು

ಒಳ್ಳೆಯ ಸ್ಥಿತಿಯಲ್ಲಿರುವ ಕಾರಿನ ಸ್ಪ್ರಿಂಗುಗಳನ್ನು ಬೇಕೆಂದೇ ಕಿತ್ತು ಬೇರೆಯವನ್ನು ಹಾಕುವವರೂ ಇದ್ದಾರೆ ಎಂದು ಮೊದಲ ಸಲ ಕೇಳಿದಾಗ ನಾನು ದಂಗಾಗಿಹೋದೆ. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಮುಂಬಯಿಯ ರಸ್ತೆಗಳಲ್ಲಿ ಮೂರೋ ನಾಲ್ಕೋ ತರಹದ ಕಾರುಗಳು ಬಿಟ್ಟರೆ ಬೇರೆ ಕಾಣುತ್ತಿರಲಿಲ್ಲ. ಸ್ಪ್ರಿಂಗು ಮುರಿದರೆ ಬೆಸುಗೆ ಹಾಕಿಸಿ, ಅದೂ ಮುರಿದರೆ ದೇವರ ಮೇಲೆ ಭಾರ ಹಾಕಿ ಓಡಿಸುತ್ತಿದ್ದ ಕಾಲ ಅದು. ಅಂಥದ್ದರಲ್ಲಿ ಒಬ್ಬ ಮನುಷ್ಯ ಹೊಚ್ಚಹೊಸದರಂತಿದ್ದ ಜಪಾನಿ ಕಾರನ್ನು ತೋರಿಸಿ, "ಇದರ ನಾಲ್ಕೂ ಸ್ಪ್ರಿಂಗು, ನಾಲ್ಕೂ ಶಾಕ್ ಅಬ್ಸಾರ್ಬರ್ ತೆಗೀಲಿಕ್ಕುಂಟು, ನೀವು ಬರ್ಬೇಕು" ಅಂದಾಗ ನಾನು ಮೊದಲು ಕೇಳಿದ್ದು, "ನಿಮಗೆ ತಲೆಗಿಲೆ ಕೆಟ್ಟಿದೆಯೇನ್ರೀ?" ಎಂದು.

ಹಾಗೆ ಕೇಳುವಷ್ಟು ಸಲಿಗೆ ನನಗೆ ಆ ಮನುಷ್ಯನ ಮನೆಯವರಲ್ಲಿತ್ತು. ನಾನು ಮೈಸೂರಿನವನು. ವಿಕ್ರೋಳಿಯ ದೊಡ್ಡ ಕಾರ್ಖಾನೆಯೊಂದರಲ್ಲಿ ಅಳತೆಯ ವಿಭಾಗದಲ್ಲಿ ಇಂಜಿನಿಯರ್ ಆಗಿದ್ದೆ. ಕೂದಲೆಳೆಯ ಹತ್ತನೇ ಒಂದು ಭಾಗ ಹೆಚ್ಚುಕಮ್ಮಿಯಾದರೂ ಮಾಲನ್ನು ವಾಪಸು ಕಳಿಸುವುದು ನನ್ನ ಕೆಲಸ. ಆ ಕೆಲಸ ನನ್ನ ತಲೆಗೂ ಏರಿತ್ತು ಅಂತ ಈಗ ಅನ್ನಿಸುತ್ತದೆ. ಜಗತ್ತಿನಲ್ಲಿ ಅಳೆದು ಮಾತಾಡುವವರು ಮತ್ತು ಬಾಯಿಗೆ ಬಂದದ್ದು ಮಾತಾಡುವವರು ಎಂದು ಎರಡೇ ಜಾತಿ ಎಂದು ನಂಬಿದ್ದೆ. ಮದುವೆಗೆ ಮುಂಚೆ ಏಳು ವರ್ಷ ಘಾಟ್ಕೋಪರ್ ಸ್ಟೇಷನ್ ಹತ್ತಿರದ ಒಂದು ಉಡುಪಿ ಹೋಟೆಲಿನಲ್ಲಿ ಎರಡು ಹೊತ್ತೂ ಉಂಡೆ. ಮದುವೆಯಾದ ಮೇಲೂ ಭಾನುವಾರ ಬೆಳಗಿನ ತಿಂಡಿ ಅಲ್ಲಿಯೇ. ಹೋಟೆಲಿನ ಮಾಲೀಕರನ್ನು ಎಲ್ಲರೂ ಧನಿ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಆ ಕಾರು ತೋರಿಸಿದವರು ಧನಿಯ ತಮ್ಮ.

ತಮ್ಮ ಹಡಗಿನ ಇಂಜಿನಿಯರ್. ವರ್ಷದಲ್ಲಿ ಎಂಟು ತಿಂಗಳು ಸಮುದ್ರದ ಮೇಲೆ, ಉಳಿದ ನಾಲ್ಕು ತಿಂಗಳು ಬೊರಿವಲಿಯ ಫ್ಲಾಟಿನಲ್ಲಿ. ಆ ಕಾರು ನೋಡುವುದಕ್ಕೆ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಮದುವೆಗೆ ಹೋಗುವಂಥ ನಾಲ್ಕು ಬಾಗಿಲಿನ ಸಾಧು ಕಾರು. ಆದರೆ ನಮ್ಮ ಕಾರುಗಳಲ್ಲಿ ಎಂಜಿನ್ನು ಎರಡು ಗಾಲಿಗಳನ್ನಷ್ಟೇ ತಿರುಗಿಸಿದರೆ ಅದರಲ್ಲಿ ನಾಲ್ಕನ್ನೂ ತಿರುಗಿಸುತ್ತಿತ್ತು. ಪೆಡಲು ಒತ್ತಿದರೆ ಬೆನ್ನು ಸೀಟಿಗೆ ಅಂಟಿಕೊಳ್ಳುತ್ತಿತ್ತು. ಧನಿ ಅದರಲ್ಲಿ ಒಂದೇ ಸಲ ಕೂತು, "ಇದರಲ್ಲಿ ಊಟ ಮಾಡಿ ಕೂರ್ಲಿಕ್ಕಾಗುದಿಲ್ಲ" ಎಂದು ಇಳಿದುಬಿಟ್ಟಿದ್ದರು. ತಮ್ಮನಿಗೆ ಅಷ್ಟು ವೇಗವೂ ಸಾಲದು. ಪುಣೆಯ ಘಟ್ಟದ ತಿರುವುಗಳಲ್ಲಿ ಕಾರು ವಾಲುತ್ತದೆ, ಅದು ವಾಲಬಾರದು ಎಂಬುದು ಅವರ ಹಟ.

ಅದಕ್ಕಾಗಿ ಜಪಾನಿನಿಂದಲೇ ನಾಲ್ಕು ಉದ್ದನೆಯ ಡಬ್ಬಗಳನ್ನು ತಂದಿದ್ದರು. ಬಿಚ್ಚಿ ನೋಡಿದಾಗ ನನ್ನ ಸಿಟ್ಟು ಅರ್ಧ ಇಳಿಯಿತು ಎನ್ನಬೇಕು. ಅಷ್ಟು ಚೆಂದದ ಕೆಲಸ. ಶಾಕ್ ಅಬ್ಸಾರ್ಬರಿನ ಕೊಳವೆಯ ಸುತ್ತಲೇ ಸ್ಪ್ರಿಂಗು. ಕೊಳವೆಯ ಮೈತುಂಬ ತಿರುಪಿನಂಥ ನುಣುಪಾದ ಥ್ರೆಡ್ಡು. ಥ್ರೆಡ್ಡಿನ ಮೇಲೆ ಸ್ಪ್ರಿಂಗನ್ನು ಹೊತ್ತು ನಿಂತ ಒಂದು ಅಲ್ಯುಮಿನಿಯಂ ಬಳೆ. ಕೊಕ್ಕೆಯಂಥ ಸ್ಪ್ಯಾನರು, ಮುಂಬಯಿಯವರ ಬಾಯಲ್ಲಿ ಪಾನಾ, ಹಾಕಿ ಬಳೆಯನ್ನು ಮೇಲಕ್ಕೆ ತಿರುಗಿಸಿದರೆ ಕಾರಿನ ಆ ಮೂಲೆ ಏರುತ್ತದೆ, ಕೆಳಕ್ಕೆ ತಿರುಗಿಸಿದರೆ ಇಳಿಯುತ್ತದೆ. ಕಾರನ್ನು ಇಷ್ಟ ಬಂದಂತೆ ಎತ್ತರ ತಗ್ಗು ಮಾಡಬಹುದು ಎನ್ನುವುದೇ ನನಗೆ ನಂಬಲಾಗದ ಸಂಗತಿಯಾಗಿತ್ತು. ಬರುವ ಭಾನುವಾರ ಹೋಟೆಲಿನ ಹಿಂದಿನ ಅಂಗಳದಲ್ಲಿ ನಾವಿಬ್ಬರೇ ಸೇರಿ ಕೂರಿಸುವುದು ಎಂದಾಯಿತು.

ಅದೇ ವಾರ ಹೋಟೆಲಿನಲ್ಲಿ ಇನ್ನೊಂದು ವಿಷಯ ನಡೆಯುತ್ತಿತ್ತು. ಕಾರಿನ ಕತೆ ಹೇಳಲು ಅದನ್ನೂ ಹೇಳಬೇಕು.

ಹೋಟೆಲಿನ ಉಗ್ರಾಣ ನೋಡಿಕೊಳ್ಳುತ್ತಿದ್ದವರು ಐವತ್ತು ದಾಟಿದ ಒಬ್ಬರು. ಧನಿಯ ಊರಿನವರೇ. ಇಪ್ಪತ್ತೆರಡು ವರ್ಷದಿಂದ ಅಕ್ಕಿ, ಉದ್ದು, ಬೆಲ್ಲ, ಎಣ್ಣೆ ಎಲ್ಲದರ ಕೀಲಿಕೈ ಅವರ ಸೊಂಟದಲ್ಲಿ. ಎಲ್ಲರ ಬಾಯಲ್ಲೂ ಅವರು ಉಗ್ರಾಣಿ ಅಣ್ಣ. ದೀಪಾವಳಿ ಕಳೆದ ಮೇಲೆ ಅಕ್ಕಿಯ ತೂಕ ಕಡಿಮೆ ಬರತೊಡಗಿತ್ತು. ಧನಿ ಮಾರ್ಕೆಟ್ಟಿನಲ್ಲಿ ತಾವೇ ನಿಂತು ನೂರು ಕಿಲೋದ ಚೀಲಗಳನ್ನು ತೂಗಿಸಿ ತರುತ್ತಿದ್ದರು. ವಾರ ಕಳೆದು ಉಗ್ರಾಣದ ಕಾಟಾದ, ಅಂದರೆ ತೂಕದ ಯಂತ್ರದ, ಮೇಲಿಟ್ಟರೆ ಒಂದೊಂದು ಚೀಲದಲ್ಲೂ ನಾಲ್ಕು ಕಿಲೋ ಇಲ್ಲ. ಚೀಲದ ಹೊಲಿಗೆ ಹಾಗೇ ಇದೆ, ಅಕ್ಕಿ ಮಾತ್ರ ಮಾಯ. ಕಾಳು ಪರೀಕ್ಷಿಸಲು ಚೀಲಕ್ಕೆ ಚುಚ್ಚುವ ಕಬ್ಬಿಣದ ಕೊಳವೆಯೊಂದು ಪ್ರತಿ ಉಗ್ರಾಣದಲ್ಲೂ ಇರುತ್ತದೆ. ಅದನ್ನು ಚುಚ್ಚಿ ತೆಗೆದರೆ ಗೋಣಿಯ ನೇಯ್ಗೆ ಮತ್ತೆ ಕೂಡಿಕೊಳ್ಳುತ್ತದೆ, ಗುರುತೂ ಉಳಿಯುವುದಿಲ್ಲ. ಆ ಕೊಳವೆ ಇದ್ದದ್ದು ಉಗ್ರಾಣಿಯ ಕೈಯಲ್ಲಿ.

"ಕಾಟಾ ಸರಿಯಿಲ್ಲ ಧನಿ" ಎಂದು ಉಗ್ರಾಣಿ ಹೇಳಿದರಂತೆ. ಧನಿ ನ್ಯಾಯವಾಗಿಯೇ ನಡೆದುಕೊಂಡರು, ಕಾಟಾ ಪರೀಕ್ಷಿಸಲು ನನ್ನನ್ನು ಕರೆದರು. ನಾನು ಪರಿಚಯದವರಿಂದ ಇಪ್ಪತ್ತು ಕಿಲೋದ ಎರಡು ಸರ್ಕಾರಿ ಮುದ್ರೆಯ ಬಟ್ಟುಗಳನ್ನು ತಂದು ಹಲಗೆಯ ನಡುಮಧ್ಯೆ ಇಟ್ಟೆ. ಮುಳ್ಳು ನಲವತ್ತರಲ್ಲಿ ನಿಂತಿತು. ತೆಗೆದು ಮತ್ತೊಮ್ಮೆ ಇಟ್ಟೆ, ಮತ್ತೆ ನಲವತ್ತು. "ಕಾಟಾದಲ್ಲಿ ದೋಷವೇನೂ ಇಲ್ಲ" ಎಂದೆ. ನೀರುದೋಸೆ ಬಂತು, ತಿಂದು ಹೊರಟೆ. ಹೊರಡುವಾಗ ಉಗ್ರಾಣಿ ಬಾಗಿಲಲ್ಲಿ ನಿಂತಿದ್ದರು.

ಆಮೇಲೆ ನಡೆದದ್ದನ್ನು ತಮ್ಮನ ಬಾಯಿಂದ ಕೇಳಿ ನನಗೆ ಇನ್ನೊಂದು ಆಘಾತ. ಧನಿ ಉಗ್ರಾಣಿಯನ್ನು ಒಳಗೆ ಕರೆದು, "ಪೊಲೀಸು ಗಿಲೀಸು ನಮಗೆ ಬೇಡ. ಊರಿಗೆ ಹೋಗಿ ದೈವದ ಎದುರು ನಿಂತು ತೆಗೀಲಿಲ್ಲ ಅಂತ ಆಣೆ ಮಾಡಿ. ನಾನು ನಂಬ್ತೇನೆ" ಅಂದರಂತೆ. ಕರಾವಳಿಯವರಿಗೆ ಆಣೆ ಅಂದರೆ ಏನೆಂದು ನನಗೆ ಅಷ್ಟರಲ್ಲಿ ಗೊತ್ತಾಗಿತ್ತು. ಕೋರ್ಟಿನಲ್ಲಿ ಕಣ್ಣು ಮುಚ್ಚಿ ಸುಳ್ಳು ಹೇಳುವವರೂ ದೈವದ ಮುಂದೆ ನಾಲಿಗೆ ಎತ್ತುವುದಿಲ್ಲ. ಉಗ್ರಾಣಿ ಆಣೆ ಮಾಡಲು ಒಪ್ಪಲಿಲ್ಲ.

"ಒಪ್ಪಲಿಲ್ಲವಾ?" ಎಂದು ಕೂಗಿಬಿಟ್ಟೆ. "ಹಾಗಾದ್ರೆ ತೆಗೆದಿದ್ದು ಅವರೇ. ಇನ್ನೇನು ಬೇಕು?"

"ಅವರು ಹೇಳುದು ಬೇರೆ" ಅಂದರು ತಮ್ಮ. "ಉಗ್ರಾಣದಲ್ಲೇ ಮಲಗುವವ ನಾನು, ಇಪ್ಪತ್ತೆರಡು ವರ್ಷದಲ್ಲಿ ಗೊತ್ತಿಲ್ಲದೆ ಒಂದು ಮುಷ್ಟಿ ಅಕ್ಕಿಯಾದ್ರೂ ನನ್ನ ಕಡೆಯಿಂದ ಹೆಚ್ಚುಕಮ್ಮಿ ಆಗಿದ್ರೆ ಎಂತ ಮಾಡುದು, ಎರಡು ಹೆಣ್ಣುಮಕ್ಕಳು ಉಂಟು, ಆಣೆ ಮಕ್ಕಳಿಗೆ ತಟ್ಟಿದ್ರೆ ಅಂತ. ನಮ್ಮ ಕಡೆ ಸಾಚಾ ಮನುಷ್ಯರೇ ಆಣೆಗೆ ಹೆದರುದು ಹೆಚ್ಚು. ಆದ್ರೆ ಅಣ್ಣ ಕೇಳ್ಬೇಕಲ್ಲ."

ಧನಿ ಕೇಳಲಿಲ್ಲ. ಸೋಮವಾರ ಮಧ್ಯಾಹ್ನದ ಬಸ್ಸಿಗೆ ಉಗ್ರಾಣಿ ಊರಿಗೆ ಹೋಗಬೇಕು, ಮತ್ತೆ ಬರುವ ಹಾಗಿಲ್ಲ. ಊರಿನಲ್ಲಿ ಎಲ್ಲರಿಗೂ ಕಾರಣ ಗೊತ್ತಾಗುತ್ತದೆ. ಹಿರಿಯ ಮಗಳಿಗೆ ನಿಶ್ಚಯವಾಗಿದ್ದ ಮದುವೆ ಉಳಿಯುತ್ತದೋ ಇಲ್ಲವೋ ಹೇಳುವಂತಿರಲಿಲ್ಲ. ಇದೆಲ್ಲ ಕೇಳಿಯೂ ನನ್ನ ಮನಸ್ಸು ಕರಗಲಿಲ್ಲ ಎಂದು ಬರೆಯಲು ನಾಚಿಕೆಯಾಗುತ್ತದೆ. ಅಷ್ಟು ವರ್ಷ ಸಾಧುವಿನಂತೆ ಇದ್ದು ಕದ್ದರಲ್ಲ ಎಂದು ಅಸಹ್ಯವಾಯಿತು.

ಭಾನುವಾರ ಬೆಳಿಗ್ಗೆ ಏಳಕ್ಕೆ ಅಂಗಳದಲ್ಲಿ ಕೆಲಸ ಶುರುಮಾಡಿದೆವು. ಮುಂದಿನ ಗಾಲಿಗಳನ್ನು ಕಳಚಿ, ಕಾರನ್ನು ಮರದ ದಿಮ್ಮಿಗಳ ಮೇಲೆ ಕೂರಿಸಿ, ಬ್ರೇಕಿನ ಪೈಪು ಎಳೆದುಹೋಗದಂತೆ ತಂತಿಯಲ್ಲಿ ಕಟ್ಟಿ, ಕೆಳಗಿನ ಎರಡು ಬೋಲ್ಟು, ಬಾನೆಟ್ಟಿನೊಳಗಿನ ಮೂರು ನಟ್ಟು ಬಿಚ್ಚಿದರೆ ಹಳೆಯ ಸ್ಪ್ರಿಂಗು ಶಾಕ್ ಅಬ್ಸಾರ್ಬರಿನ ಸಮೇತ ಕೈಗೆ ಬರುತ್ತದೆ. ಹೊಸದನ್ನು ಅದೇ ಜಾಗಕ್ಕೆ ಏರಿಸಬೇಕು. ಹೇಳಿದಷ್ಟು ಸುಲಭವಲ್ಲ. ಮುಂದಿನ ಗಾಲಿಗೂ ಎಂಜಿನ್ನಿನ ಶಾಫ್ಟು ಹೋಗುವುದರಿಂದ ಕೈ ಹಾಕಲು ಜಾಗವೇ ಇಲ್ಲ, ಶಾಫ್ಟು ಜಗ್ಗಿದರೆ ಕೀಲು ಕಳಚಿಕೊಳ್ಳುತ್ತದೆ. ಹಿಂದಿನವಕ್ಕೆ ಡಿಕ್ಕಿಯ ಒಳಗಿನ ಬಟ್ಟೆಯೆಲ್ಲ ಕಿತ್ತು ಒಳಗೆ ಮಡಚಿಕೊಂಡು ಮಲಗಬೇಕು. ಹಡಗಿನ ಎಂಜಿನ್ನಿನೊಳಗೆ ನಡೆದಾಡಿ ಅಭ್ಯಾಸವಿದ್ದ ತಮ್ಮ ಅಲ್ಲಿ ಸಿಕ್ಕಿಹಾಕಿಕೊಂಡು, ಕಾಲು ಹಿಡಿದು ಎಳೆಯುವಂತೆ ನನ್ನನ್ನು ಕೂಗಿದರು. ಊಟದ ಹೊತ್ತಿಗೆ ನಾಲ್ಕೂ ಕೂತವು. ದಿಮ್ಮಿ ತೆಗೆದು ಇಳಿಸಿದಾಗ ಕಾರು ಮೊದಲಿಗಿಂತ ಮೂರು ಬೆರಳು ಕೆಳಗೆ ಕೂತಿತು. ಮುಂಬಯಿಯ ಹೊಂಡಗಳಲ್ಲಿ ಓಡಾಡಬೇಕಾದ ಕಾರು! ತಮ್ಮ ಮಾತ್ರ ಹೊಸ ಮದುಮಗನ ಹಾಗೆ ಸುತ್ತು ಹಾಕುತ್ತಿದ್ದರು.

ಬರೀ ಕೂರಿಸಿದರೆ ಮುಗಿಯುವುದಿಲ್ಲ. ನಾಲ್ಕು ಕಾಲಿನ ಮೇಜಿನಲ್ಲಿ ಒಂದು ಕಾಲು ಗಿಡ್ಡವಾದರೆ ಉಳಿದ ಕಾಲುಗಳ ಮೇಲಿನ ಭಾರ ಏರುಪೇರಾಗುತ್ತದಲ್ಲ, ಇಲ್ಲೂ ಹಾಗೇ. ಬಳೆಗಳನ್ನು ಕಣ್ಣಂದಾಜಿನಲ್ಲಿ ತಿರುಗಿಸಿ ಬಿಟ್ಟರೆ ಒಂದು ಗಾಲಿ ಹಗುರವಾಗಿ, ಜೋರಾಗಿ ಬ್ರೇಕು ಹಾಕಿದಾಗ ಕಾರು ಒಂದು ಕಡೆಗೆ ಎಳೆಯುತ್ತದೆ. ಘಟ್ಟದಲ್ಲಿ ಅದು ಪ್ರಾಣದ ಪ್ರಶ್ನೆ. ಒಂದೊಂದು ಗಾಲಿಯ ಮೇಲೂ ಎಷ್ಟು ಭಾರ ಕೂತಿದೆ ಎಂದು ತೂಗಿ ನೋಡಬೇಕು. ಜಪಾನಿನಲ್ಲಿ ಅದಕ್ಕೆಂದೇ ಸಲಕರಣೆ ಇರುತ್ತದಂತೆ. ಘಾಟ್ಕೋಪರಿನಲ್ಲಿ ಇದ್ದದ್ದು ಹೋಟೆಲುಗಳ ಕಾಟಾಗಳು. ಅಕ್ಕಿ ಚೀಲ ತೂಗುವ, ಕಬ್ಬಿಣದ ಹಲಗೆಯ, ಐನೂರು ಕಿಲೋ ತಾಳುವ ದೊಡ್ಡ ಕಾಟಾಗಳು. ನಮ್ಮ ಉಗ್ರಾಣದ್ದು ಒಂದು, ಧನಿಯ ನೆಂಟರ ಹೋಟೆಲುಗಳಿಂದ ಮೂರು. ಈ ಉಪಾಯ ನನ್ನದೇ. ಹೇಳಿದಾಗ ತಮ್ಮ ನನ್ನ ಬೆನ್ನು ತಟ್ಟಿದ್ದರು, ನಾನು ಬೀಗಿದ್ದೆ.

ಆ ಕಾಟಾಗಳನ್ನು ಕೈಗಾಡಿಯಲ್ಲಿ ತಂದವರು ಉಗ್ರಾಣಿ. ಮರುದಿನ ಹೋಗಬೇಕಾದ ಮನುಷ್ಯ, ಕೀಲಿಕೈ ಆಗಲೇ ಒಪ್ಪಿಸಿಯಾಗಿತ್ತು. ಆದರೂ ಕೆಲಸ ಅಂದಾಗ ಬಂದು ನಿಂತರು. ಒಂದೊಂದನ್ನೇ ಇಳಿಸಿ, ಬಟ್ಟೆಯಲ್ಲಿ ಒರೆಸಿ, ಜ್ಯಾಕ್ ಏರಿಸಿದ ಗಾಲಿಯ ಕೆಳಗೆ ಜಾಗ್ರತೆಯಾಗಿ ತಳ್ಳಿಕೊಟ್ಟರು. ಗಾಲಿ ಹಲಗೆಗೆ ಕಚ್ಚಿಕೊಳ್ಳದೆ ಜಾರಲೆಂದು ಎಣ್ಣೆ ಡಬ್ಬಗಳನ್ನು ಕತ್ತರಿಸಿ, ತಗಡಿಗೆ ಗ್ರೀಸ್ ಸವರಿ ನಡುವೆ ಇಟ್ಟೆವು. ನೀರು ತುಂಬಿದ ಟ್ಯೂಬು ಹಿಡಿದು ನಾಲ್ಕೂ ಕಾಟಾಗಳ ಮಟ್ಟ ನೋಡಿದೆವು. ಓಡಿಸುವವನ ಬದಲಿಗೆ ಇಡ್ಲಿ ಅಕ್ಕಿಯ ಮುಕ್ಕಾಲು ಚೀಲವೊಂದನ್ನು ಸೀಟಿನಲ್ಲಿ ಕೂರಿಸಿ ಬೆಲ್ಟು ಬಿಗಿದೆವು. ಹೋಟೆಲಿನ ಮಾಣಿಗಳೆಲ್ಲ ಕಿಟಕಿಯಲ್ಲಿ ಇಣುಕಿ ನಗುತ್ತಿದ್ದರು.

ಮುಂದಿನ ಎರಡೂ ಗಾಲಿಗಳು ಹೆಚ್ಚುಕಡಿಮೆ ಸಮ ಬಂದವು. ಹಿಂದೆ ಬಲಗಡೆ ಇನ್ನೂರ ಎಪ್ಪತ್ತೊಂದು. ಹಿಂದೆ ಎಡಗಡೆ, ನಮ್ಮ ಉಗ್ರಾಣದ ಕಾಟಾದ ಮೇಲೆ, ಇನ್ನೂರ ನಲವತ್ತೆಂಟು. ಇಪ್ಪತ್ಮೂರು ಕಿಲೋ ಕಡಿಮೆ.

"ಎಡಗಡೆ ಹಿಂದಿನ ಬಳೆ ಏರಿಸಬೇಕು" ಎಂದೆ. ಜ್ಯಾಕ್ ಹಾಕಿ ಎತ್ತಿ, ಬಳೆ ಎರಡು ಸುತ್ತು ತಿರುಗಿಸಿ, ಇಳಿಸಿ, ಡಿಕ್ಕಿಯ ಮೇಲೆ ಕೈಯೂರಿ ನಾಲ್ಕು ಸಲ ಕುಲುಕಿ, ಮತ್ತೆ ಮುಳ್ಳು ನೋಡಿದೆವು. ಸ್ವಲ್ಪ ಏರಿತು, ಸಾಲದು. ಮತ್ತೆ ಎರಡು ಸುತ್ತು. ಒಂದೊಂದು ಸಲಕ್ಕೂ ಹತ್ತು ನಿಮಿಷ. ಬಿಸಿಲಿನಲ್ಲಿ ನನ್ನ ಅಂಗಿ ಬೆನ್ನಿಗೆ ಅಂಟಿತ್ತು. ಒಟ್ಟು ಒಂಬತ್ತು ಸುತ್ತು ತಿರುಗಿಸಿದ ಮೇಲೆ ಎಡ ಬಲ ಸಮ ಬಂತು.

"ಆಯ್ತು ನೋಡಿ" ಎಂದು ಪಾನಾ ಕೆಳಗಿಟ್ಟೆ.

ತಮ್ಮ ಕಾರಿನ ಹಿಂದೆ ಹೋಗಿ ಕೂತು ನೋಡಿದರು. "ಎಂತ ಆಯ್ತು ಮಾರಾಯ್ರೇ? ಎಡಗಡೆ ಎತ್ತರ ಆಗಿದೆ. ಕಣ್ಣಿಗೇ ಕಾಣ್ತದೆ."

ಗಾಲಿಗೂ ಅದರ ಮೇಲಿನ ತಗಡಿಗೂ ನಡುವೆ ಬಲಗಡೆ ಎರಡು ಬೆರಳು ಹೋಗುತ್ತಿದ್ದವು, ಎಡಗಡೆ ಮೂರು ಬೆರಳು ಸಲೀಸಾಗಿ ಹೋದವು. ಮುಂದಿನ ಗಾಲಿಗಳ ತೂಕವೂ ಈಗ ಒಂದಕ್ಕೊಂದು ಹೊಂದುತ್ತಿರಲಿಲ್ಲ. ಕಾರು ಕುಂಟುವ ಎಮ್ಮೆಯ ಹಾಗೆ ನಿಂತಿತ್ತು. ನನಗೆ ಸಿಟ್ಟು ನೆತ್ತಿಗೇರಿತು.

"ಕಣ್ಣಿಗೆ ಕಾಣೋದನ್ನ ನಂಬೋದಾದ್ರೆ ಕಾಟಾ ಯಾಕ್ರೀ ತರಿಸಿದ್ದು? ಕಾರೇ ಸೊಟ್ಟ ಇರಬೇಕು. ಹಡಗಿನಿಂದ ಇಳಿಸುವಾಗ ಏನಾದ್ರೂ ಬಡಿದಿರುತ್ತೆ."

"ನನ್ನ ಕಾರಿಗೆ ಎಂತ ಬಡೀಲಿಲ್ಲ."

"ಕಾಟಾ ಸುಳ್ಳು ಹೇಳಲ್ಲ. ನಾನೇ ನೋಡಿದ್ದೀನಿ ಅದನ್ನ."

ಅಷ್ಟು ಹೊತ್ತು ಗೋಡೆಯ ನೆರಳಿನಲ್ಲಿ ಕಳಚಿಟ್ಟ ಸ್ಪ್ರಿಂಗುಗಳ ಪಕ್ಕದಲ್ಲಿ ಕೂತಿದ್ದ ಉಗ್ರಾಣಿ ಎದ್ದು ಬಂದರು. ಮೆಲ್ಲನೆಯ ದನಿಯಲ್ಲಿ, "ಸಾರ್, ಒಂದು ಸಲ ಕಾಟಾ ಅದಲುಬದಲು ಮಾಡಿ ನೋಡ್ಬಹುದಾ? ಈ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ" ಎಂದರು.

ಎಷ್ಟು ಸರಳವಾದ ಮಾತು! ನನ್ನ ಕಾರ್ಖಾನೆಯಲ್ಲಿ ಎರಡು ಅಳತೆಗಳು ಜಗಳವಾಡಿದಾಗ ನಾವು ಮೊದಲು ಮಾಡುವುದೇ ಅದು. ನನಗೆ ಅದು ಹೊಳೆಯಲಿಲ್ಲ, ಅವರಿಗೆ ಹೊಳೆಯಿತು. ಆದರೆ ಆಗ ನನಗೆ ಕೇಳಿಸಿದ್ದು ಕಳ್ಳನೊಬ್ಬ ನನ್ನ ಅಳತೆಯನ್ನು ಪ್ರಶ್ನಿಸುತ್ತಿದ್ದಾನೆ ಎಂದಷ್ಟೇ. "ನೀವು ಸುಮ್ನಿರಿ" ಎಂದೆ. "ಈ ಕಾಟಾದ ವಿಷಯ ಮಾತಾಡೋಕೆ ನಿಮಗೆ ಮುಖ ಬೇರೆ ಇದೆಯಾ?"

ಕಿಟಕಿಯಲ್ಲಿದ್ದ ಮಾಣಿಗಳ ನಗು ನಿಂತುಹೋಯಿತು. ಉಗ್ರಾಣಿ ತಲೆ ತಗ್ಗಿಸಿ ಹಿಂದಕ್ಕೆ ಹೋಗಿ ಮತ್ತೆ ಅದೇ ಜಾಗದಲ್ಲಿ ಕೂತರು. ತಮ್ಮ ನನ್ನನ್ನು ಒಂದು ಕ್ಷಣ ನೋಡಿ, "ಬದಲಿಸಿ ನೋಡಿದ್ರೆ ನಿಮ್ಮ ಗಂಟೇನೂ ಹೋಗುದಿಲ್ಲವಲ್ಲ" ಎಂದು ತಾವೇ ಜ್ಯಾಕ್ ಎಳೆದುಕೊಂಡರು. ನಾನು ಮುಖ ಗಂಟಿಕ್ಕಿಕೊಂಡೇ ಕೈ ಜೋಡಿಸಿದೆ. ಒಂಬತ್ತು ಸುತ್ತನ್ನೂ ಹಿಂದಕ್ಕೆ ತಿರುಗಿಸಿ ಬಳೆಯನ್ನು ಮೊದಲಿದ್ದ ಜಾಗಕ್ಕೆ ತಂದೆವು. ಕಾಟಾಗಳನ್ನು ಅದಲುಬದಲು ಮಾಡಿ ಕಾರು ಇಳಿಸಿದೆವು. ತಮ್ಮ ಡಿಕ್ಕಿ ಕುಲುಕಿದರು. ನಾನು ಬಗ್ಗಿ ಮುಳ್ಳು ನೋಡಿದೆ.

ಎಡಗಡೆ ಇನ್ನೂರ ಎಪ್ಪತ್ತು. ಬಲಗಡೆ ಇನ್ನೂರ ನಲವತ್ತೇಳು.

ಕಾರಿನಲ್ಲಿ ಏನೂ ಕೆಟ್ಟಿರಲಿಲ್ಲ. ಉಗ್ರಾಣದ ಕಾಟಾ ಎಲ್ಲಿ ಹೋಯಿತೋ ಕೊರತೆಯೂ ಅಲ್ಲಿಗೇ ಹೋಗಿತ್ತು. ನಲವತ್ತು ಕಿಲೋ ಇಟ್ಟರೆ ಸರಿಯಾಗಿ ತೋರಿಸುವ ಕಾಟಾ ಭಾರ ಹೆಚ್ಚಾದಂತೆ ಕಡಿಮೆ ತೋರಿಸುತ್ತಿತ್ತು. ಕಾಟಾ ಪರೀಕ್ಷಿಸುವಾಗ ಅದು ತಾಳುವಷ್ಟು ಪೂರ್ತಿ ಭಾರ ಇಟ್ಟು ನೋಡಬೇಕು, ಹಲಗೆಯ ನಾಲ್ಕು ಮೂಲೆಗೂ ಇಟ್ಟು ನೋಡಬೇಕು. ಕೆಲಸಕ್ಕೆ ಸೇರಿದ ಮೊದಲ ವಾರವೇ ನಮಗೆ ಇದನ್ನು ಕಲಿಸುತ್ತಾರೆ. ಹೋಟೆಲಿನ ಕಾಟಾಕ್ಕೆ ಇಷ್ಟು ಸಾಕು ಎಂದುಕೊಂಡು ನಾನು ನಲವತ್ತಕ್ಕೆ ನಿಲ್ಲಿಸಿದ್ದೆ. ಹಸಿವೂ ಆಗಿತ್ತು. ಒಬ್ಬ ಮನುಷ್ಯನ ಮಾನ ಆ ಹಲಗೆಯ ಮೇಲಿದೆ ಎಂದು ಗೊತ್ತಿದ್ದೂ ಹಾಗೆ ಮಾಡಿದ್ದೆ.

ಕಾರು ಎತ್ತಿ, ಕಾಟಾ ಹೊರಗೆಳೆದು, ಮೇಲಿನ ಕಬ್ಬಿಣದ ಹಲಗೆ ಕಳಚಿದೆವು. ಒಳಗಿನ ಸನ್ನೆಕೋಲುಗಳ ಪಕ್ಕ, ಚೌಕಟ್ಟಿನ ಮೂಲೆಯಲ್ಲಿ, ಚಪ್ಪಟೆಯಾದ ಒಂದು ಕೆಂಪು ಬಟ್ಟೆಯ ಗಂಟು ಕೂತಿತ್ತು. ಅರಿಶಿನದ ಕೊಂಬು, ಅಡಿಕೆ, ಒಂದು ಬೆಳ್ಳಿ ನಾಣ್ಯ. ಹಗುರ ಭಾರವಿದ್ದಾಗ ಹಲಗೆ ಅದನ್ನು ಮುಟ್ಟುತ್ತಿರಲಿಲ್ಲ. ಅಕ್ಕಿಯ ಚೀಲ ಬಿದ್ದಾಗ ಹಲಗೆ ತುಸು ಬಗ್ಗಿ ಗಂಟಿನ ಮೇಲೆ ಕೂರುತ್ತಿತ್ತು, ಭಾರದ ಒಂದು ಪಾಲು ಮುಳ್ಳಿಗೆ ತಲುಪದೆ ಗಂಟಿನ ಮೇಲೇ ಉಳಿಯುತ್ತಿತ್ತು. ತಮ್ಮ ಅದನ್ನು ಕೈಗೆತ್ತಿಕೊಳ್ಳಲು ಹೆದರಿ, ಗಲ್ಲಾದಲ್ಲಿದ್ದ ಅಣ್ಣನನ್ನು ಕರೆಸಿದರು.

ಧನಿ ಪಂಚೆಯ ತುದಿ ಹಿಡಿದುಕೊಂಡು ಬಂದರು. ಗಂಟು ನೋಡಿದವರೇ ಅಲ್ಲಿಯೇ ನಿಂತುಬಿಟ್ಟರು.

"ಇದು ನಾನು ಇಟ್ಟದ್ದು" ಎಂದರು. "ದೀಪಾವಳಿ ಅಂಗಡಿ ಪೂಜೆ ದಿನ. ಪ್ರತಿ ವರ್ಷ ಕಾಟಾಕ್ಕೆ ಕುಂಕುಮ ಮಾತ್ರ ಇಡುದು. ಈ ಸಲ ಜೋಯಿಸರು ಹೇಳಿದ್ರು, ತೂಕದ ಅಡಿಯಲ್ಲಿ ಲಕ್ಷ್ಮಿ ಇರ್ಬೇಕು, ಯಾರಿಗೂ ಹೇಳ್ಬಾರ್ದು ಅಂತ."

ಧನಿ ಬಗ್ಗಿ ಗಂಟನ್ನು ತಾವೇ ಹೊರಗೆ ತೆಗೆದು ಪಕ್ಕಕ್ಕಿಟ್ಟರು. ಲಕ್ಷ್ಮಿ ನೆಲೆಸಲಿ ಎಂದು ಇಟ್ಟ ಗಂಟೇ ಪ್ರತಿ ಚೀಲದಿಂದ ನಾಲ್ಕು ಕಿಲೋ ನುಂಗಿತ್ತು. ಅದು ಯಾರೂ ಕದಿಯದ ಅಕ್ಕಿ, ಚೀಲದೊಳಗೇ ಇದ್ದ ಅಕ್ಕಿ. ಅದಕ್ಕಾಗಿ ಇಪ್ಪತ್ತೆರಡು ವರ್ಷದ ನಂಬಿಕೆಯ ಮನುಷ್ಯ ಕಳ್ಳನಾಗಿದ್ದರು. ಇಟ್ಟವರು ಇಟ್ಟದ್ದನ್ನು ಹೇಳಲಿಲ್ಲ, ನೋಡಬೇಕಾದ ನಾನು ನೋಡಲಿಲ್ಲ.

ಉಗ್ರಾಣಿ ಗೋಡೆಯ ಪಕ್ಕದಿಂದ ಎದ್ದರು. ಅಳಲಿಲ್ಲ, ಕೂಗಾಡಲಿಲ್ಲ. ಗಂಟಿನ ಕಡೆ ಒಮ್ಮೆ ನೋಡಿ, "ಹಲಗೆ ಹಾಕಿ ಸಾರ್. ಉಗ್ರಾಣದ ಬೀಗ ತೆಗೆಸಿ. ಇರುವ ಚೀಲ ಎಲ್ಲ ತೂಗುವಾ" ಎಂದರು. ಹನ್ನೊಂದು ಚೀಲಗಳಿದ್ದವು. ಹೊರಲು ಬಂದ ಮಾಣಿಗಳನ್ನು ದೂರ ನಿಲ್ಲಿಸಿ, ಒಂದೊಂದನ್ನೂ ತಾವೇ ಬೆನ್ನ ಮೇಲೆ ಹೊತ್ತು ತಂದರು. ಸ್ಪ್ರಿಂಗುಗಳೂ ಪಾನಾಗಳೂ ಹರಡಿದ್ದ ಆ ಅಂಗಳದಲ್ಲಿ, ಜ್ಯಾಕಿನ ಮೇಲೆ ಒಂದು ಕಾಲೆತ್ತಿ ನಿಂತ ಕಾರಿನ ಪಕ್ಕದಲ್ಲಿ, ನಾನು ಒಂದೊಂದು ತೂಕವನ್ನೂ ಎಲ್ಲರಿಗೂ ಕೇಳುವಂತೆ ಓದಬೇಕಾಯಿತು. ನೂರು. ನೂರು. ನೂರು. ಹನ್ನೊಂದನೆಯದನ್ನು ಇಳಿಸಿದಾಗ ಅವರಿಗೆ ಏದುಸಿರು ಬಂದಿತ್ತು.

ಧನಿ ಜೇಬಿನಿಂದ ಕೀಲಿಕೈ ಗೊಂಚಲು ತೆಗೆದು ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದರು. "ತಪ್ಪು ನನ್ನದು. ಇದು ನಿಮ್ಮ ಹತ್ರವೇ ಇರ್ಲಿ. ನಾಳೆ ಹೋಗುದು ಬೇಡ."

ನಾನೂ ಮುಂದೆ ಹೋದೆ. "ತಪ್ಪು ನಂದು. ನಾನು ಸರಿಯಾಗಿ ನೋಡಿದ್ದಿದ್ರೆ ಇಷ್ಟಾಗ್ತಾ ಇರಲಿಲ್ಲ" ಎಂದೆ.

ಉಗ್ರಾಣಿ ಕೀಲಿಕೈ ಮುಟ್ಟಲಿಲ್ಲ. ನನ್ನ ಮಾತಿಗೆ ಉತ್ತರವನ್ನೂ ಧನಿಗೇ ಹೇಳಿದರು. "ಇವರು ನೋಡಿದ್ದು ಹತ್ತು ನಿಮಿಷ. ನೀವು ನನ್ನನ್ನು ಇಪ್ಪತ್ತೆರಡು ವರ್ಷ ನೋಡಿದ್ರಿ, ಧನಿ."

ಅಷ್ಟೇ ಹೇಳಿ ನಲ್ಲಿಯ ಹತ್ತಿರ ಹೋಗಿ ಕೈಕಾಲು ತೊಳೆದುಕೊಂಡರು. ಧನಿ ಕೀಲಿಕೈ ಹಿಡಿದ ಕೈಗಳನ್ನು ಕೆಳಗಿಳಿಸುವುದನ್ನೂ ಮರೆತು ನಿಂತಿದ್ದರು. ಅಂಥ ಗಟ್ಟಿ ಮನುಷ್ಯನ ಕಣ್ಣಿನಲ್ಲಿ ನೀರು ನೋಡಿದ್ದು ಅದೊಂದೇ ಸಲ.

ಉಳಿದ ಮಧ್ಯಾಹ್ನ ನಾನೂ ತಮ್ಮನೂ ಕಾರಿನ ಕೆಲಸ ಮುಗಿಸಿದೆವು. ಗಂಟು ತೆಗೆದ ಕಾಟಾದ ಮೇಲೆ ಮತ್ತೆ ತೂಗಿದಾಗ ಅರ್ಧ ಸುತ್ತು ತಿರುಗಿಸಿದ್ದರಲ್ಲೇ ನಾಲ್ಕೂ ಗಾಲಿಗಳ ಲೆಕ್ಕ ಸರಿಹೋಯಿತು.

ಸೋಮವಾರ ನಾನು ಅರ್ಧ ದಿನ ರಜೆ ಹಾಕಿ ಹೋದೆ. ಉಗ್ರಾಣಿ ಮನಸ್ಸು ಬದಲಿಸಿರಲಿಲ್ಲ. ಅವರ ಹೆಸರಿಗೆ ಅಂಟಿದ್ದು ತೊಳೆದುಹೋಗಿದೆ ಎಂದು ಧನಿ ಬೆಳಿಗ್ಗೆಯೇ ಊರಿಗೆ ಟ್ರಂಕ್ ಕಾಲ್ ಮಾಡಿ, ಮಗಳ ಬೀಗರಿಗೂ ತಿಳಿಸುವಂತೆ ಹೇಳಿದ್ದರು. ಅದಕ್ಕೆ ಉಗ್ರಾಣಿ ಕೈಮುಗಿದರು, ಆದರೆ ಟ್ರಂಕು ಕಟ್ಟಿಯಾಗಿತ್ತು. ತಮ್ಮ ಅವರನ್ನು ಬಸ್ಸಿನವರೆಗೆ ಆ ಕಾರಿನಲ್ಲೇ ಬಿಡುತ್ತೇನೆಂದು ಹಟ ಹಿಡಿದರು. ಧನಿ ಮುಂದೆ ಕೂತರು, ನಾನು ಹಿಂದೆ ಉಗ್ರಾಣಿಯ ಪಕ್ಕ. ಹೊಸ ಸ್ಪ್ರಿಂಗುಗಳು ಕಲ್ಲಿನಷ್ಟು ಗಟ್ಟಿ. ರಸ್ತೆಯ ಒಂದೊಂದು ಹೊಂಡಕ್ಕೂ ನಾಲ್ವರೂ ಒಟ್ಟಿಗೆ ಎಗರಿ ಬಿದ್ದೆವು.

ಬಸ್ಸು ನಿಲ್ಲುವಲ್ಲಿ ಧನಿ ಮತ್ತೊಮ್ಮೆ ಕೇಳಿದರು. ಉಗ್ರಾಣಿ ತಲೆಯಾಡಿಸಿದರು. ಟ್ರಂಕನ್ನು ನಾನು ಎತ್ತಿಕೊಂಡೆ, ಅದಕ್ಕೆ ಬೇಡ ಅನ್ನಲಿಲ್ಲ. ಮೆಟ್ಟಿಲ ಮೇಲೆ ಒಂದು ಕಾಲಿಟ್ಟವರು ತಿರುಗಿ ನನ್ನನ್ನು ಹತ್ತಿರ ಕರೆದರು. ಬೈಯುತ್ತಾರೆ ಎಂದುಕೊಂಡೆ, ಬೈಯಲಿ ಎಂದೇ ಕಾಯುತ್ತಿದ್ದೆ. ಅವರ ದನಿ ಎಂದಿನಂತೆ ಮೆಲ್ಲಗಿತ್ತು.

"ಸಾರ್, ನನ್ನ ಜಾಗಕ್ಕೆ ಯಾರಾದ್ರೂ ಬರ್ತಾರಲ್ಲ, ಪಾಪ, ಅವರು ಬರುವ ಮೊದಲು ಕಾಟಾ ಒಮ್ಮೆ ನೋಡಿಕೊಡಿ. ಪೂರ್ತಿ ಭಾರ ಇಟ್ಟು."